ಪೋರ್ಚುಗೀಸ್ ಸಾಕ್ಷಿಯನ್ನು ಓದುವುದು ಹೇಗೆ?

ಗೋಕಾಕ, ಮೂಡಲಗಿ, ಹುಕ್ಕೇರಿಯ ಶಾಲಾ ಮಕ್ಕಳನ್ನು ಕೇಳಿ ನೋಡಿ. ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದನೆಂದು ಥಟ್ಟನೆ ಹೇಳುತ್ತಾರೆ. ನಕ್ಷೆಯ ಬಾಣ ಆಫ್ರಿಕಾವನ್ನು ಬಳಸಿ ಸೀದಾ ಇಲ್ಲಿಗೆ ಬರುತ್ತದೆ. ದಾರಿಯಲ್ಲಿ ಆತ ಮೊಜಾಂಬಿಕ್ ಮೇಲೆ ಫಿರಂಗಿ ಹಾರಿಸಿದ್ದು, 1505ರಲ್ಲಿ ಅಲ್ಮೇಡಾನ ಪಡೆ ಕಿಲ್ವಾ ನಗರವನ್ನು ದೋಚಿದ್ದು ಆ ಬಾಣದಡಿ ಮುಚ್ಚಿಹೋಗಿವೆ.

ದೊಡ್ಡವರ ಓದೂ ಇದಕ್ಕಿಂತ ಭಿನ್ನವೇನಲ್ಲ. ವಿಜಯನಗರದ ವೈಭವ ಹೇಳಬೇಕಾದಾಗಲೆಲ್ಲ ನಾವು ಪಾಯೆಸ್, ನೂನಿಜ್‌ರನ್ನು ಸಾಕ್ಷಿಗೆ ಕರೆಯುತ್ತೇವೆ. ಅವರನ್ನು ‘ಪ್ರವಾಸಿಗರು’ ಎನ್ನುತ್ತೇವೆ. ನೂನಿಜ್ ಕುದುರೆ ವ್ಯಾಪಾರಿ. ಪಾಯೆಸ್ ಬಂದದ್ದು ಫಿಗೆರೆದೊನ ತಂಡದಲ್ಲಿ. 1520ರ ರಾಯಚೂರು ಮುತ್ತಿಗೆಯಲ್ಲಿ ಬಿಜಾಪುರದ ವಿರುದ್ಧ ಬಂದೂಕು ಹಿಡಿದವನು ಇದೇ ಫಿಗೆರೆದೊ. ಅವರು ಬರೆದದ್ದೆಲ್ಲ ಸುಳ್ಳು ಎಂದಲ್ಲ. ನೋಡಿದ ಕಣ್ಣು ಯಾರದು ಎಂದು ಕೇಳುವ ರೂಢಿ ನಮ್ಮ ಇತಿಹಾಸ ಬರಹಕ್ಕೆ ಬಂದಿಲ್ಲ.

ಆ ರೂಢಿಗೆ ಇನ್ನೊಂದು ಪೋರ್ಚುಗೀಸ್ ಬರಹ ನೆರವಾದೀತು. 1561ರಲ್ಲಿ ಆಗ್ನೇಯ ಆಫ್ರಿಕಾದ ಮುತಾಪ ಅರಸನ ಆಸ್ಥಾನದಲ್ಲಿ ಸಿಲ್ವೇರಾ ಎಂಬ ಜೆಸ್ವಿಟ್ ಪಾದ್ರಿಯ ಕೊಲೆಯಾಯಿತು. ತಪ್ಪು ಮುಸ್ಲಿಂ ವ್ಯಾಪಾರಿಗಳ ತಲೆಗೆ ಬಂತು. ಸೇಡು ಒಂದು ನೆಪ, ಚಿನ್ನದ ಗಣಿಗಳ ಆಸೆ ಇನ್ನೊಂದು. 1569ರಲ್ಲಿ ಗೋವಾದ ಮಾಜಿ ಗವರ್ನರ್ ಫ್ರಾನ್ಸಿಸ್ಕೊ ಬರೆತೊ ಸುಮಾರು ಸಾವಿರ ಸೈನಿಕರೊಂದಿಗೆ ಲಿಸ್ಬನ್‌ನಿಂದ ಹೊರಟ. 1571ರ ಕೊನೆಗೆ ಜಾಂಬೆಜಿ ದಂಡೆಯ ಸೆನಾ ತಲುಪಿದ. ಅಲ್ಲಿ ಕುದುರೆಗಳು ಸಾಯತೊಡಗಿದವು, ಸೈನಿಕರೂ. ಸೆಟ್ಸೆ ನೊಣ ಮತ್ತು ಮಲೇರಿಯಾ ಕಾರಣವೆಂದು ಇಂದು ಬಲ್ಲೆವು. ಅಂದು ಹಬ್ಬಿದ್ದು ಒಂದೇ ಮಾತು: ಮುಸ್ಲಿಮರು ವಿಷವಿಟ್ಟರು. ಚಿತ್ರಹಿಂಸೆ ಕೊಟ್ಟು ತಪ್ಪೊಪ್ಪಿಗೆ ಪಡೆದರು. ಶೂಲಕ್ಕೇರಿಸಿದರು, ಫಿರಂಗಿ ಬಾಯಿಗೆ ಕಟ್ಟಿ ಸಿಡಿಸಿದರು. ಸೈನ್ಯದ ಜೊತೆಗಿದ್ದ ಪಾದ್ರಿ ಮೊನ್‌ಕ್ಲಾರೊ ಇದನ್ನೆಲ್ಲ ದಾಖಲಿಸಿದ, ವಿಷದ ಕತೆಯನ್ನು ನಂಬಿಯೇ. ಇಷ್ಟಾಗಿಯೂ ಸಾವು ನಿಂತಿತೇ? 1573ರಲ್ಲಿ ಬರೆತೊ ಕೂಡ ಸೆನಾದಲ್ಲೇ ಸತ್ತ.

ಇದು ದೂರದ ಕತೆ ಎನ್ನುವವರು ಹುಕ್ಕೇರಿಯ ಗುಮ್ಮಟಗಳನ್ನು ನೆನೆಯಲಿ. ಅದು ಆದಿಲ್‌ಶಾಹಿ ಸೀಮೆ. ಬರೆತೊ ಆಫ್ರಿಕಾದಲ್ಲಿದ್ದ 1570–71ರಲ್ಲೇ ಅಲಿ ಆದಿಲ್‌ಶಾಹ ಗೋವಾಕ್ಕೆ ಮುತ್ತಿಗೆ ಹಾಕಿದ್ದ. ನಾವು ಇದನ್ನು ಬಿಜಾಪುರದ ಒಂದು ವಿಫಲ ದಂಡಯಾತ್ರೆ ಎಂದು ಬರೆದು ಮುಗಿಸುತ್ತೇವೆ. ಮೊಜಾಂಬಿಕ್ ಆಡಳಿತ 1752ರವರೆಗೆ ಗೋವಾದ ಕೈಯಲ್ಲಿತ್ತು. ಎರಡೂ ಕಡೆ ಇದ್ದದ್ದು ಒಂದೇ ಸರ್ಕಾರ. ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತರಲ್ಪಟ್ಟವರ ಸಂತತಿಯಾದ ಸಿದ್ದಿಗಳು ಇದೇ ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಂಚಿನಲ್ಲಿದ್ದಾರೆ.

ಪಾಯೆಸ್, ನೂನಿಜ್‌ರನ್ನು ನಮಗೆ ತಲುಪಿಸಿದ ಸ್ಯೂಯೆಲ್‌ನ ಇಂಗ್ಲಿಷ್ ಪುಸ್ತಕ 1900ರದು. ಮೊನ್‌ಕ್ಲಾರೊ ಇಂಗ್ಲಿಷಿಗೆ ಬಂದದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಹಂಪಿಯನ್ನು ಹೊಗಳಿದವರನ್ನು ನಾವು ಮನೆಯೊಳಗೆ ಕೂರಿಸಿದೆವು. ಸೆನಾದ ಕೊಲೆ ಬರೆದವನನ್ನು ಬಾಗಿಲಲ್ಲೂ ಮಾತಾಡಿಸಲಿಲ್ಲ.