ನಗಿಸುವ ದೆವ್ವಗಳು

ನಮ್ಮ ಬಗದಲ್‌ನಲ್ಲಿ ನಾನು ಮೊದಲ ದೆವ್ವದ ಸಿನಿಮಾ ನೋಡಿದ್ದು 1986ರ ಗಣೇಶ ಹಬ್ಬದಲ್ಲಿ. ಓಣಿಯ ಹುಡುಗರು ಚಂದಾ ಎತ್ತಿ, ಬೀದರಿನಿಂದ ಬಾಡಿಗೆಗೆ ಟಿ.ವಿ., ವಿ.ಸಿ.ಆರ್. ತಂದಿದ್ದರು. ರಾತ್ರಿಯಿಡೀ ಮೂರು ಪಿಕ್ಚರು. ಮೊದಲನೆಯದು ಭಕ್ತಿಯದು, ಹಿರಿಯರ ಸಮಾಧಾನಕ್ಕೆ. ಎರಡನೆಯದು ಹೊಡೆದಾಟದ್ದು. ಹಿರಿಯರು ಆಕಳಿಸುತ್ತ ಎದ್ದು ಹೋದ ಮೇಲೆ ಮೂರನೆಯದು, ರಾಮ್ಸೆ ಸಹೋದರರ ‘ಪುರಾನಾ ಮಂದಿರ್’. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಉರ್ದು, ಸಂತೆಯಲ್ಲಿ ಮರಾಠಿ, ತೆಲುಗು ಎಲ್ಲ ನಡೆಯುವ ಊರು ನಮ್ಮದು. ಹಿಂದಿ ಚಿತ್ರಕ್ಕೆ ಭಾಷೆಯ ಅಡ್ಡಿ ಇರಲಿಲ್ಲ. ನಿದ್ದೆಗಣ್ಣಿನಲ್ಲಿ ಕೂತಿದ್ದ ಅವ್ವನ ಸೆರಗು ಹಿಡಿದು, ಒಂದು ಕಣ್ಣು ಮುಚ್ಚಿ ಒಂದು ಕಣ್ಣು ತೆರೆದು ನಾನು ಅದನ್ನು ನೋಡಿದೆ.

1984ರ ಆ ಚಿತ್ರದಲ್ಲಿ ಸಾಮ್ರಿ ಎಂಬ ರಾಕ್ಷಸನಿದ್ದಾನೆ. ಅವನ ರುಂಡ ಒಂದು ಕಡೆ, ಮುಂಡ ಇನ್ನೊಂದು ಕಡೆ. ಅವನ ಶಾಪದಿಂದ ಒಂದು ರಾಜಮನೆತನದ ಹೆಣ್ಣುಮಕ್ಕಳು ಹೆರಿಗೆಯಲ್ಲಿ ಸಾಯುತ್ತಾರೆ. ಸಾಮ್ರಿಯಾದವರು ಅನಿರುದ್ಧ ಅಗರವಾಲ್ ಎಂಬ ಎತ್ತರದ ಆಳು, ಓದಿನಿಂದ ಸಿವಿಲ್ ಇಂಜಿನಿಯರು ಎಂದು ಬಹಳ ವರ್ಷಗಳ ಮೇಲೆ ತಿಳಿಯಿತು. ಆ ರಾತ್ರಿ ಯಾರಾದರೂ ಅದನ್ನು ಹೇಳಿದ್ದರೆ ನನ್ನ ಅರ್ಧ ಹೆದರಿಕೆ ಇಳಿಯುತ್ತಿತ್ತು. ಆದರೆ ಮಕ್ಕಳೆಲ್ಲ ಕಾಯುತ್ತಿದ್ದದ್ದು ರಾಕ್ಷಸನನ್ನಲ್ಲ, ನಡುನಡುವೆ ಬರುತ್ತಿದ್ದ ಜಗದೀಪರನ್ನು. ಆತ ಮಚ್ಛರ್ ಸಿಂಗ್ ಎಂಬ ಡಕಾಯಿತನಾಗಿ ಬಂದು ‘ಶೋಲೆ’ಯ ಗಬ್ಬರನನ್ನು ಅಣಕಿಸುತ್ತಿದ್ದ. ದೆವ್ವದ ಕಥೆಗೂ ಆ ಅಣಕಕ್ಕೂ ಏನೇನೂ ಸಂಬಂಧವಿರಲಿಲ್ಲ. ತಟ್ಟೆಯಲ್ಲಿ ಒಂದು ಕಡೆ ಖಾರ, ಒಂದು ಕಡೆ ಸಿಹಿ ಬಡಿಸಿದ ಹಾಗೆ ಹೆದರಿಕೆಗೆ ಹೆದರಿಕೆ, ನಗೆಗೆ ನಗೆ.

ರಾಮ್ಸೆಯವರನ್ನು ನಾನು ಹಗುರಾಗಿ ಕಾಣುವುದಿಲ್ಲ. 1972ರ ‘ದೋ ಗಜ್ ಜಮೀನ್ ಕೆ ನೀಚೆ’ಯಿಂದ ಮೊದಲುಗೊಂಡು ಒಂದೇ ಮನೆಯ ಅಣ್ಣತಮ್ಮಂದಿರು ಚಿತ್ರಕಥೆ, ಕ್ಯಾಮರಾ, ಧ್ವನಿ, ನಿರ್ದೇಶನವನ್ನು ತಮ್ಮೊಳಗೇ ಹಂಚಿಕೊಂಡು ಕಡಿಮೆ ದುಡ್ಡಿನಲ್ಲಿ ಚಿತ್ರ ತೆಗೆದವರು. 1990ರ ‘ಬಂದ್ ದರ್ವಾಜಾ’ದಲ್ಲಿ ಡ್ರಾಕುಲಾನನ್ನೇ ನಮ್ಮ ನೆಲಕ್ಕೆ ಕರೆತಂದರು. ಆದರೆ ಅವರ ದೆವ್ವಗಳಿಗೆ ಒಂದು ಕೊರತೆಯಿತ್ತು. ಅವು ಗರ್ಜಿಸುತ್ತಿದ್ದವು, ಮಾತಾಡುತ್ತಿದ್ದದ್ದು ಕಡಿಮೆ. ನಗಿಸುವವನಿಗೂ ಅವುಗಳ ಗೊಡವೆ ಇರಲಿಲ್ಲ. ಈ ಕೊರತೆ ನನಗೆ ತಿಳಿದದ್ದು ಈಚೆಗೆ. ಅದಕ್ಕೆ ಕಾರಣ ಒಂದು ಪರದೇಶದ ಚಿತ್ರ.

ಹೋದ ಬೇಸಿಗೆ ರಜೆಯಲ್ಲಿ ಅಣ್ಣನ ಮಗ ತನ್ನ ಮೊಬೈಲಿನಲ್ಲಿ ‘ಯಂಗ್ ಫ್ರಾಂಕೆನ್‌ಸ್ಟೈನ್’ ತೋರಿಸಿದ. 1974ರಲ್ಲಿ ಮೆಲ್ ಬ್ರೂಕ್ಸ್ ತೆಗೆದದ್ದು. ಬಣ್ಣದ ಕಾಲದಲ್ಲಿ ಬೇಕೆಂದೇ ಕಪ್ಪುಬಿಳುಪಿನಲ್ಲಿ ತೆಗೆದಿದ್ದಾರೆ. 1931ರ ಮೂಲ ಚಿತ್ರದ ಪ್ರಯೋಗಶಾಲೆಯಲ್ಲಿ ಕಿಡಿ ಕಾರುತ್ತಿದ್ದ ಯಂತ್ರಗಳನ್ನೇ ಹುಡುಕಿ ತಂದು ಇಲ್ಲಿ ಮತ್ತೆ ಬಳಸಿದ್ದಾರೆ. ಅಣಕಿಸುವವನಿಗೆ ಮೂಲದ ಮೇಲೆ ಎಷ್ಟು ಪ್ರೀತಿ ಇರಬೇಕೆಂಬುದಕ್ಕೆ ಇದು ಸಾಕ್ಷಿ. ನಮ್ಮ ಹಗಲುವೇಷದವರು ಹನುಮಂತನನ್ನು ನಗಿಸುವಂತೆ ಆಡುತ್ತಲೇ ಬಣ್ಣ ಹಚ್ಚುವ ಮುಂಚೆ ಕೈಮುಗಿಯುತ್ತಾರಲ್ಲ, ಹಾಗೆ.

ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಚಿತ್ರದ ಕೊನೆ. ಮೇರಿ ಶೆಲ್ಲಿ ಬರೆದು 1818ರಲ್ಲಿ ಪ್ರಕಟವಾದ ಕಾದಂಬರಿಯಲ್ಲಿ ಆ ವಿಕಾರ ಜೀವಿ ಮಾತು ಕಲಿಯುತ್ತದೆ, ಓದುತ್ತದೆ, ತನ್ನನ್ನು ಮಾಡಿ ಕೈಬಿಟ್ಟವನೆದುರು ತನ್ನ ಸಂಕಟ ಹೇಳಿಕೊಳ್ಳುತ್ತದೆ. 1931ರ ಚಿತ್ರ ಅದರ ಬಾಯಿ ಕಟ್ಟಿಬಿಟ್ಟಿತು. ಜಗತ್ತೆಲ್ಲ ನೆನಪಿಟ್ಟುಕೊಂಡದ್ದು ಆ ಮೂಕ ರಾಕ್ಷಸನನ್ನೇ. ಅಣಕು ಚಿತ್ರದಲ್ಲಿ ಮಾತ್ರ, ಊರವರು ದೀವಟಿಗೆ ಹಿಡಿದು ನುಗ್ಗಿ ಬಂದಾಗ, ಆ ಜೀವಿ ಎದ್ದು ನಿಂತು ಮಾತಾಡುತ್ತದೆ. ಸಭ್ಯ ಮನುಷ್ಯನಂತೆ, ಸ್ಪಷ್ಟವಾಗಿ. ಊರವರು ಕೈ ಇಳಿಸುತ್ತಾರೆ. ಗಂಭೀರ ಚಿತ್ರ ಕಸಿದುಕೊಂಡ ಮಾತನ್ನು ನಗೆಯ ಚಿತ್ರ ಹಿಂದಿರುಗಿಸಿತು. ಒಳ್ಳೆಯ ಅಣಕದ ಗುರುತು ಇದೇ ಎಂದು ನನಗೆ ಅಂದು ಅನ್ನಿಸಿತು. ಅದು ದೆವ್ವವನ್ನು ಓಡಿಸುವುದಿಲ್ಲ. ಕೂಡಿಸಿ, ನಿನ್ನದೇನು ಹೇಳು ಎನ್ನುತ್ತದೆ.

ಇದು ಪರದೇಶದ ಬುದ್ಧಿ ಎಂದು ಯಾರೂ ತಿಳಿಯಬೇಕಿಲ್ಲ. ಸಂಸ್ಕೃತದಲ್ಲಿ ‘ಭಗವದಜ್ಜುಕೀಯ’ ಎಂಬ ಹಳೆಯ ಪ್ರಹಸನವಿದೆ. ಯಮದೂತ ತಪ್ಪಿ ಬೇರೆ ಹೆಣ್ಣಿನ ಜೀವ ಒಯ್ಯುತ್ತಾನೆ. ಸತ್ತ ಗಣಿಕೆಯ ದೇಹದಲ್ಲಿ ಸನ್ಯಾಸಿ ಹೊಕ್ಕು ವೇದಾಂತ ಹೇಳುತ್ತಾನೆ. ತಪ್ಪು ತಿಳಿದು ಮರಳಿದ ಯಮದೂತ ಗಣಿಕೆಯ ಜೀವವನ್ನು ಸನ್ಯಾಸಿಯ ದೇಹದಲ್ಲಿಟ್ಟಾಗ ಆ ಸನ್ಯಾಸಿ ಪ್ರಿಯಕರನನ್ನು ಕರೆಯುತ್ತಾನೆ. ಪರಕಾಯ ಪ್ರವೇಶದಂಥ ಭಯಂಕರ ವಿಷಯವನ್ನು ನಮ್ಮವರು ನಗೆಯಾಡಿದ್ದು ಹೀಗೆ. ಅಲ್ಲಿಯೂ ನಗೆಯ ಬೇರು ಒಂದೇ: ಮೈ ಒಬ್ಬರದು, ಮಾತು ಇನ್ನೊಬ್ಬರದು.

ಇನ್ನು ನಮ್ಮದೇ ದೆವ್ವಕ್ಕೆ ಬರುತ್ತೇನೆ. 1990ರ ದಶಕದಲ್ಲಿ ಕರ್ನಾಟಕದ ಊರೂರುಗಳಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ನೆನಪಿರಬಹುದು. ರಾತ್ರಿ ದೆವ್ವ ಬಂದು ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆರೆದರೆ ಸಾವು. ‘ನಾಳೆ ಬಾ’ ಎಂದು ಬರೆದಿದ್ದರೆ ಓದಿ ಹಿಂದಿರುಗುತ್ತದೆ. ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಬೆಂಗಳೂರಿನ ಕಡೆಯಿಂದ ಬಸ್ಸು ಹತ್ತಿ ಬಂದ ಈ ಸುದ್ದಿ ನಮ್ಮ ಓಣಿಯ ಬಾಗಿಲುಗಳಿಗೂ ಸುಣ್ಣದಲ್ಲಿ ಅಂಟಿತು. ನಾನಾಗ ಹೊಸದಾಗಿ ಶಿಕ್ಷಕಿಯಾಗಿದ್ದೆ. ಸಾಕ್ಷರತಾ ಆಂದೋಲನದ ದಿನಗಳು. ಸಂಜೆ ವರ್ಗಕ್ಕೆ ಬಾರದ ಹೆಣ್ಣುಮಕ್ಕಳು ಬಾಗಿಲ ಮೇಲೆ ಬರೆಸಿಕೊಳ್ಳಲು ನನ್ನ ಹತ್ತಿರ ಬಂದರು. “ದೆವ್ವಕ್ಕ ಓದಾಕ ಬರ್ತದ, ನಿಮಗ ಬರಲ್ಲ. ನಾಚಿಕಿ ಬರಲ್ಲೇನು?” ಎಂದೆ. ಒಬ್ಬ ಮುದುಕಿ ನಿಂತಲ್ಲೇ ಉತ್ತರ ಕೊಟ್ಟಳು: “ಅದಕ್ಕೇನ್ರಿ ಟೀಚರ್, ದೆವ್ವಕ್ಕ ಹಗಲಿ ಕೂಲಿಗಿ ಹೋಗೋದ್ ಇಲ್ಲಲ್ಲ.”

ಆ ‘ನಾಳೆ ಬಾ’ ಹಿಂದಿಗೆ ಹೋಗಿ 2018ರಲ್ಲಿ ‘ಸ್ತ್ರೀ’ ಎಂಬ ಚಿತ್ರವಾಯಿತು. ಅಮರ್ ಕೌಶಿಕ್ ನಿರ್ದೇಶಿಸಿದ್ದು. ಕಥೆ ಮಧ್ಯಪ್ರದೇಶದ ಚಂದೇರಿಯಲ್ಲಿ ನಡೆಯುತ್ತದೆ. ದೊಡ್ಡ ನಾಯಕರ ಆಡಂಬರವಿಲ್ಲದ, ಮಿತ ಖರ್ಚಿನ ಚಿತ್ರ. ಈ ದೆವ್ವ ಗಂಡಸರನ್ನು ಮಾತ್ರ ಒಯ್ಯುತ್ತದೆ. ಹಾಗಾಗಿ ಅಲ್ಲಿಯ ಗಂಡಸರು ಹೊತ್ತು ಮುಳುಗಿದ ಮೇಲೆ ಹೊರಗೆ ಹೋಗಲು ಅಂಜುತ್ತಾರೆ, ಸೀರೆ ಉಟ್ಟು ಓಡಾಡುತ್ತಾರೆ. ಹೆಣ್ಣಿಗೆ ದಿನವೂ ಇರುವ ಹೆದರಿಕೆ ಗಂಡಿಗೆ ನಾಲ್ಕು ರಾತ್ರಿ ಬಂದರೆ ಎಷ್ಟು ನಗೆ ಬರುತ್ತದೆ ನೋಡಿ! ಹೆಸರು ಹಿಡಿದು ಕರೆದು, ತಿರುಗಿ ನೋಡಿದವನನ್ನು ಮಾತ್ರ ಒಯ್ಯುವ ಈ ದೆವ್ವ, ಒಪ್ಪಿಗೆ ಕೇಳುವ ವಿಷಯದಲ್ಲಿ ಊರ ಗಂಡಸರಿಗಿಂತ ಮೇಲು. ಅವಳ ಕಥೆಯೂ ತಿಳಿಯುತ್ತದೆ. ಪ್ರೀತಿಸಿದವನನ್ನು ಮದುವೆಯಾದ ಗಣಿಕೆಯನ್ನು ಊರವರೇ ಮದುವೆಯ ರಾತ್ರಿ ಕೊಂದಿದ್ದರು. ಕೊನೆಗೆ ಊರು ಅವಳನ್ನು ನಾಳೆ ಬಾ ಎನ್ನುವುದನ್ನು ಬಿಟ್ಟು, ನಮ್ಮನ್ನು ಕಾಯಿ ಎಂದು ಗೋಡೆಯ ಮೇಲೆ ಬರೆದುಕೊಳ್ಳುತ್ತದೆ. ಗೋಡೆಯ ಬರಹ ಒಂದು ಸಾಲು ಬದಲಾಗುವುದರಲ್ಲಿ ಚಿತ್ರದ ಸಾರವೆಲ್ಲ ಇದೆ.

ಕನ್ನಡದಲ್ಲಿ ದೆವ್ವದ ಚಿತ್ರಗಳಿಗೆ ಕೊರತೆಯಿಲ್ಲ. 1979ರ ‘ನಾ ನಿನ್ನ ಬಿಡಲಾರೆ’ ನಗಿಸದೆ ಹೆದರಿಸಿ ಗೆದ್ದಿತು. 2004ರ ‘ಆಪ್ತಮಿತ್ರ’ ದೊಡ್ಡ ಚಿತ್ರ. ಅದರಲ್ಲಿ ದ್ವಾರಕೀಶರ ಪುಕ್ಕಲುತನ ನಗಿಸುತ್ತದೆ, ಸೌಂದರ್ಯರ ಗಂಗಾ ನಾಗವಲ್ಲಿಯಾಗಿ ನಡುಗಿಸುತ್ತಾಳೆ. ಆದರೆ ಅಲ್ಲಿಯೂ ಖಾರ ಒಂದು ಕಡೆ, ಸಿಹಿ ಒಂದು ಕಡೆ. 2014ರಲ್ಲಿ ಕೋಮಲ್ ಅವರ ‘ನಮೋ ಭೂತಾತ್ಮ’ ಬಂತು, ತಮಿಳಿನ ಮರುರೂಪ. ಇಂಥ ಚಿತ್ರಗಳಲ್ಲಿ ಬಾಗಿಲು ಕಿರ್ರೆಂದರೆ ನಾಯಕ ಮಂಚದ ಕೆಳಗೆ. ನಕ್ಕು ಮನೆಗೆ ಬಂದರೆ ಏನೂ ಉಳಿಯುವುದಿಲ್ಲ. ಹಾಗೆ ನಗುವುದು ತಪ್ಪೇನೂ ಅಲ್ಲ. ಉಪ್ಪಿನಕಾಯಿ ಊಟವಲ್ಲ, ಅಷ್ಟೆ.

2025ರ ಜುಲೈಯಲ್ಲಿ ಬಂದ ‘ಸು ಫ್ರಮ್ ಸೋ’ ಮಾತ್ರ ಊಟವಾಗಿತ್ತು. ಜೆ.ಪಿ. ತುಮಿನಾಡು ನಿರ್ದೇಶಿಸಿ ಮುಖ್ಯ ಪಾತ್ರವನ್ನೂ ಮಾಡಿದ್ದಾರೆ. ರಾಜ್ ಬಿ. ಶೆಟ್ಟಿ ನಿರ್ಮಾಪಕರಲ್ಲಿ ಒಬ್ಬರು. ಕೆಲವೇ ಕೋಟಿಯಲ್ಲಿ ಮುಗಿದ ಚಿತ್ರ ರಾಜ್ಯದ ಉದ್ದಗಲಕ್ಕೂ ಓಡಿತು. ಕರಾವಳಿಯ ಒಂದು ಹಳ್ಳಿ. ಅಶೋಕ ಎಂಬ ಹುಡುಗ ಮಾಡಬಾರದ್ದು ಮಾಡಿ ಸಿಕ್ಕಿಬೀಳುವ ಹೊತ್ತಿಗೆ, ಪಾರಾಗಲು, ಮೈಮೇಲೆ ದೆವ್ವ ಬಂದವನಂತೆ ನಟಿಸುತ್ತಾನೆ. ಊರು ನಂಬುತ್ತದೆ. ಬಂದವಳು ಸೋಮೇಶ್ವರದ ಸುಲೋಚನ ಎಂದಾಗುತ್ತದೆ. ಇಲ್ಲಿ ದೆವ್ವವೇ ಇಲ್ಲ, ಗ್ರಾಫಿಕ್ಸಿನ ಖರ್ಚೂ ಇಲ್ಲ. ಇರುವುದು ದೆವ್ವವನ್ನು ಕಟ್ಟಿ ನಿಲ್ಲಿಸುವ ಊರು. ಒಬ್ಬೊಬ್ಬರು ಒಂದೊಂದು ಮಾತು ಸೇರಿಸುತ್ತಾರೆ, ಯಜಮಾನಿಕೆ ಮಾಡುವ ಅಣ್ಣ ಒಬ್ಬ ಮುಂದೆ ನಿಲ್ಲುತ್ತಾನೆ, ಬಿಡಿಸಲು ಗುರೂಜಿ ಬರುತ್ತಾನೆ. ಮಂಗಳೂರು ಕಡೆಯ ಕನ್ನಡ ನಮಗೆ ಅರ್ಧ ಕ್ಷಣ ತಡವಾಗಿ ತಿಳಿಯುತ್ತಿದ್ದರೂ ಊರು ಮಾತ್ರ ಕೂಡಲೇ ಗುರುತು ಸಿಕ್ಕಿತು. ಅದು ನಮ್ಮ ಬಗದಲ್ ಓಣಿಯೇ.

ಆಮೇಲೆ ಸುಲೋಚನಳ ಮಗಳು ಭಾನುವಿನ ಕಷ್ಟ ಎದುರಿಗೆ ಬರುತ್ತದೆ. ಸುಳ್ಳು ದೆವ್ವ ನಿಜವಾದ ಹೆಣ್ಣಿನ ಪರವಾಗಿ ನಿಲ್ಲಬೇಕಾಗುತ್ತದೆ. ಇದೇ ಚಿತ್ರದ ಎತ್ತರ. ನನ್ನ ತಕರಾರೂ ಇಲ್ಲೇ ಇದೆ. ಬದುಕಿರುವ ಭಾನುವಿನ ಮಾತಿಗೆ ಇಲ್ಲದ ಬೆಲೆ, ಸತ್ತ ತಾಯಿಯ ಹೆಸರಿನಲ್ಲಿ ಒಬ್ಬ ಗಂಡಸು ಆಡಿದ ಮಾತಿಗೆ ಸಿಗುತ್ತದೆ. ಚಿತ್ರ ಇದನ್ನು ಕಂಡಿದೆ, ಆದರೆ ಕಂಡಲ್ಲಿ ಹೆಚ್ಚು ಹೊತ್ತು ನಿಲ್ಲದೆ ಕಣ್ಣೊರೆಸಿಕೊಂಡು ಮುಂದೆ ಹೋಗುತ್ತದೆ. ಮನೆಯಲ್ಲಿ ಎಲ್ಲರೂ ನಗುತ್ತ ನೋಡುತ್ತಿದ್ದಾಗ ನಾನು ಎದ್ದು ಅಡುಗೆಮನೆಗೆ ಹೋದೆ. ಕಾರಣ ಆಗ ಯಾರಿಗೂ ಹೇಳಲಿಲ್ಲ. ಈಗ ಹೇಳುತ್ತೇನೆ.

ನೌಕರಿಯ ಮೊದಲ ವರ್ಷಗಳಲ್ಲಿ ನಾನು ಕಲಿಸುತ್ತಿದ್ದ ಒಂದು ಹಳ್ಳಿಯಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳ ಮೈಮೇಲೆ ದೆವ್ವ ಬರುತ್ತದೆಂದು ಗುಲ್ಲಾಯಿತು. ಅಮಾವಾಸ್ಯೆಗೆ ತಲೆ ಕೆದರಿ, ಮುದುಕಿಯ ದನಿ ತೆಗೆದು, “ನಾ ಹೋಗಂಗಿಲ್ಲ, ಈ ಮನಿ ಬಿಟ್ಟು ನಾ ಎಲ್ಲೂ ಹೋಗಂಗಿಲ್ಲ” ಎನ್ನುತ್ತಿದ್ದಳಂತೆ. ಬೇವಿನ ಬರಲಿನಿಂದ ಹೊಡೆದದ್ದರ ಗೆರೆ ಅವಳ ಕೈಮೇಲೆ ಇತ್ತು. ನನಗೆ ಮೂಢನಂಬಿಕೆಯ ಮೇಲೆ ಸಿಟ್ಟು ಬಂತು. ಬಿ.ಎಡ್. ಮುಗಿಸಿದ ಹುರುಪು ಬೇರೆ. ದೆವ್ವ ಇಲ್ಲ, ಇದೆಲ್ಲ ಬರೀ ನಾಟಕ ಎಂದು ಪಾಠ ಮಾಡಿದೆ. ಪಾಠ ನಾಟಲೆಂದು ಆ ದನಿಯನ್ನು ನಾನೇ ಅಣಕಿಸಿ ತೋರಿಸಿದೆ. ತರಗತಿ ಬಿದ್ದು ಬಿದ್ದು ನಕ್ಕಿತು. ಅವಳೂ ನಕ್ಕಳು. ನನ್ನ ಪಾಠ ಗೆದ್ದಿತೆಂದುಕೊಂಡೆ.

ಮುಂದಿನ ವಾರ ಅವಳು ಶಾಲೆಗೆ ಬರಲಿಲ್ಲ. ಮದುವೆ ಮಾಡಿದರು. ಹದಿನಾಲ್ಕು ವರ್ಷ. ಮಾತುಕತೆ ಮೂರು ತಿಂಗಳಿಂದ ನಡೆದಿತ್ತಂತೆ, ದೆವ್ವ ಬರತೊಡಗಿದ್ದೂ ಆಗಿನಿಂದಲೇ. ಆ ಮನೆಯಲ್ಲಿ ಅವಳು ತನ್ನ ದನಿಯಲ್ಲಿ ಒಲ್ಲೆ ಎಂದರೆ ಕೇಳುವವರಿರಲಿಲ್ಲ. ಮುದುಕಿಯ ದನಿಯಲ್ಲಿ ಎಂದಾಗ ಮೂರು ಅಮಾವಾಸ್ಯೆ ಕೇಳಿದರು. ಅವಳ ಕೈಲಿದ್ದ ಆ ಒಂದು ದನಿಯನ್ನು ನಾನು ನಗೆಗೀಡು ಮಾಡಿ ಕಸಿದುಕೊಂಡಿದ್ದೆ.

ಈಗ ಕಾನೂನು ಇದೆ. 2017ರಲ್ಲಿ ಕರ್ನಾಟಕ ರೂಪಿಸಿದ, 2020ರಲ್ಲಿ ಜಾರಿಗೆ ಬಂದ ಅಮಾನವೀಯ ದುಷ್ಟ ಪದ್ಧತಿಗಳ ತಡೆ ಕಾಯ್ದೆಯಂತೆ ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು ಅಪರಾಧ. ಅದು ಬೇಕೇ ಬೇಕು. ಆದರೆ ಹೊಡೆತ ನಿಲ್ಲಿಸುವುದು ಕಾನೂನಿನ ಕೆಲಸವಾದರೆ, ಕೇಳಿಸಿಕೊಳ್ಳುವುದು ನಮ್ಮ ಕೆಲಸ. ವಿಚಾರವಂತರು ದೆವ್ವದ ಮೇಲೆ ನಗುವಾಗ ಒಮ್ಮೊಮ್ಮೆ ಅದು ಬಂದವಳ ಮೇಲೂ ನಕ್ಕುಬಿಡುತ್ತೇವೆ. ಅಗ್ಗದ ಅಣಕು ಚಿತ್ರಕ್ಕೂ ಒಳ್ಳೆಯ ಅಣಕು ಚಿತ್ರಕ್ಕೂ ನಾನು ಕಂಡುಕೊಂಡ ವ್ಯತ್ಯಾಸ ಖರ್ಚಿನದಲ್ಲ. ಮೊದಲನೆಯದು ದೆವ್ವ ಸುಳ್ಳು ಎಂದು ಹೇಳಿ ಸುಮ್ಮನಾಗುತ್ತದೆ. ಎರಡನೆಯದು, ದೆವ್ವ ಸುಳ್ಳಾದರೂ ಅದು ಆಡಿದ ಮಾತು ಸುಳ್ಳೋ ನಿಜವೋ ಎಂದು ಕೇಳುತ್ತದೆ.

ಕಳೆದ ಬಾರಿ ನಮ್ಮ ಶಾಲೆಯ ವಾರ್ಷಿಕ ಸಮ್ಮೇಳನಕ್ಕೆ ಮಕ್ಕಳು ದೆವ್ವದ ನಗೆನಾಟಕ ಆಡಬೇಕೆಂದರು. ಒಂದು ಬಿಳಿ ಚಾದರ, ಮುಖಕ್ಕೆ ಪೌಡರು, ಬಾಯಿಗೆ ಕುಂಕುಮದ ನೀರು. ಒಟ್ಟು ಖರ್ಚು ನಲವತ್ತು ರೂಪಾಯಿ. ನಾನು ಒಂದೇ ಷರತ್ತು ಹಾಕಿದೆ. ದೆವ್ವ ಬರೀ ಹೂಂಕರಿಸಬಾರದು, ಅದಕ್ಕೂ ಒಂದು ಮಾತು ಬರೆಯಬೇಕು. ಏಳನೆಯ ತರಗತಿಯ ಹುಡುಗಿ ಬರೆದಳು. ಮಂತ್ರವಾದಿ ಬೂದಿ ತೂರಿ, “ಏನು ಬೇಕು ನಿನಗ? ಕೋಳಿ ಬೇಕೋ, ಕುರಿ ಬೇಕೋ?” ಎಂದು ಅಬ್ಬರಿಸಿದ. ಚಾದರದೊಳಗಿನ ದೆವ್ವ ಹೇಳಿತು: “ಏನೂ ನಕೋ. ನನ್ನ ಹೆಸರು ಸಾಲಿಗಿ ಹಚ್ರಿ.”

ಮೈದಾನವೆಲ್ಲ ನಕ್ಕಿತು. ಈ ಸಲ ನಾನೂ ನಕ್ಕೆ.