ಬಿಪಿ, ಶುಗರ್ ನೋಡಿದ್ದಾಯಿತು. ಕೊಬ್ಬು ನೋಡುವುದು ಯಾವಾಗ?

2025ರ ಜುಲೈನಲ್ಲಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳ್ಳಂಬೆಳಗ್ಗೆಯೇ ಜನ ಸಾಲುಗಟ್ಟಿದ್ದರು. ಹಾಸನ ಜಿಲ್ಲೆಯಲ್ಲಿ ಚಿಕ್ಕ ವಯಸ್ಸಿನವರೂ ಹೃದಯಾಘಾತಕ್ಕೆ ಬಲಿಯಾದ ಸುದ್ದಿ ಎಲ್ಲರನ್ನೂ ಕಂಗೆಡಿಸಿತ್ತು. ಹೃದಯಾಘಾತ ಅಸಹಜವಾಗಿ ಏರಿಲ್ಲವೆಂದು ಸರ್ಕಾರದ ಸಮಿತಿ ಆಮೇಲೆ ಹೇಳಿತು. ಇಂಥ ಹೆದರಿಕೆಯಲ್ಲಿ ಜನ ಮೊದಲು ಕೇಳುವುದು ಇಸಿಜಿ. ಅದು ಹೃದಯದ ಆ ಹೊತ್ತಿನ ಸ್ಥಿತಿಯನ್ನು ಹೇಳುತ್ತದೆ. ರಕ್ತನಾಳದ ಗೋಡೆಯೊಳಗೆ ವರ್ಷಗಟ್ಟಲೆ ಕೂಡಿಕೊಂಡ ಕೊಬ್ಬನ್ನು ಹೇಳಲೇಬೇಕೆಂದಿಲ್ಲ.

ನಮ್ಮ ತಪಾಸಣಾ ಪದ್ಧತಿಯ ಕೊರತೆ ಇರುವುದೇ ಇಲ್ಲಿ. ಮೂವತ್ತು ದಾಟಿದವರ ಬಿಪಿ, ಶುಗರ್, ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ಪತ್ತೆಗೆ ರಾಷ್ಟ್ರೀಯ ಕಾರ್ಯಕ್ರಮವಿದೆ. ಆಶಾ ಕಾರ್ಯಕರ್ತೆಯರು ಎಚ್.ಡಿ. ಕೋಟೆಯ ಹಾಡಿಗಳಂಥ ದೂರದ ಜಾಗಗಳಲ್ಲೂ ಮನೆ ಬಾಗಿಲಿಗೆ ಹೋಗಿ ಮಾಡುವ ಈ ಕೆಲಸ ದೊಡ್ಡದು. ಆದರೆ ಆ ಪಟ್ಟಿಯಲ್ಲಿ ರಕ್ತದ ಕೊಬ್ಬು ಇಲ್ಲ. ಇನ್ನೊಂದು ತುದಿಯಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಿದೆ. ಯೋಜನೆಗೆ ಸೇರಿದ ತಾಲ್ಲೂಕು ಆಸ್ಪತ್ರೆಗಳಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ. ಪಿರಿಯಾಪಟ್ಟಣದಂಥ ಕಡೆಯಿಂದ ಮೈಸೂರು ಮುಟ್ಟುವಷ್ಟರಲ್ಲಿ ಒಂದು ಗಂಟೆಯ ಮೇಲಾಗುವ ಪ್ರದೇಶಕ್ಕೆ ಇದು ಜೀವದಾನವೇ ಸರಿ. ಆದರೆ ಎದೆನೋವು ಬಂದ ಮೇಲಿನ ಮಾತು ಅದು. ಬರುವ ಮುಂಚಿನ ಇಪ್ಪತ್ತು ವರ್ಷ ಯಾರ ಲೆಕ್ಕದಲ್ಲೂ ಇಲ್ಲ.

ಕೊಬ್ಬಿನ ಪರೀಕ್ಷೆ ಮಾಡಿಸಿದವರೂ ಎಡವುವುದುಂಟು. ಲ್ಯಾಬ್ ವರದಿಯ ಬಲಬದಿಯಲ್ಲಿ ಅಚ್ಚಾದ 'ನಾರ್ಮಲ್' ಅಂಕಿ ಎಲ್ಲರಿಗೂ ಒಂದೇ. ಭಾರತೀಯ ಹೃದ್ರೋಗ ತಜ್ಞರ ಸಂಘದ 2024ರ ಮಾರ್ಗಸೂಚಿ ಹಾಗೆನ್ನುವುದಿಲ್ಲ. ಅಪಾಯ ಕಡಿಮೆಯಿದ್ದವರಿಗೆ ಕೆಟ್ಟ ಕೊಬ್ಬಾದ ಎಲ್‌ಡಿಎಲ್ 100ರೊಳಗಿದ್ದರೆ ಸಾಕು. ಸಕ್ಕರೆ ಕಾಯಿಲೆಯವರಿಗೆ 70ಕ್ಕಿಂತ ಕೆಳಗಿರಬೇಕು. ಹೃದಯಾಘಾತ ಆಗಿಹೋದವರಿಗೆ 55ಕ್ಕಿಂತಲೂ ಕೆಳಗೆ. ವರದಿಯಲ್ಲಿ 95 ಕಂಡು ನಿಶ್ಚಿಂತರಾಗುವ ಶುಗರ್ ರೋಗಿಗೆ ಈ ವ್ಯತ್ಯಾಸ ಹೇಳಬೇಕಾದವರು ವೈದ್ಯರು. ಸಾಮಾನ್ಯವಾಗಿ ಮೊದಲ ಪರೀಕ್ಷೆಗೆ ಖಾಲಿ ಹೊಟ್ಟೆಯೂ ಬೇಕಿಲ್ಲ ಎನ್ನುತ್ತದೆ ಅದೇ ಮಾರ್ಗಸೂಚಿ. ಕೂಲಿ ಬಿಟ್ಟು ಬರುವವರಿಗೆ ಇದೇನು ಸಣ್ಣ ಅನುಕೂಲವಲ್ಲ.

'ತೆಳ್ಳಗಿದ್ದೀನಿ, ನನಗೆಲ್ಲಿಂದ ಬರಬೇಕು ಕೊಬ್ಬು' ಎಂಬ ಧೈರ್ಯವನ್ನಂತೂ ಬಿಡಲೇಬೇಕು. ಕೊಲೆಸ್ಟರಾಲ್ ಹೆಚ್ಚಾಗಿ ತಯಾರಾಗುವುದು ನಮ್ಮ ಯಕೃತ್ತಿನಲ್ಲೇ. ಮನೆತನದಿಂದಲೂ ಅದು ಬರುತ್ತದೆ. ಮೈಸೂರಿನ ಮಿಷನ್ ಆಸ್ಪತ್ರೆಯ ಹಳೆಯ ಹೆರಿಗೆ ದಾಖಲೆ ಹಿಡಿದು ನಡೆಸಿ 1996ರಲ್ಲಿ ಪ್ರಕಟವಾದ ಅಧ್ಯಯನ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಮುಂದೆ ಹೃದ್ರೋಗ ಹೆಚ್ಚೆಂದು ತೋರಿಸಿತ್ತು. ನಮ್ಮವರಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಹೆಚ್ಚು, ಒಳ್ಳೆಯ ಕೊಬ್ಬಾದ ಎಚ್‌ಡಿಎಲ್ ಕಡಿಮೆ. ಬಾಡೂಟವೊಂದನ್ನೇ ಬೈದು ಫಲವಿಲ್ಲ. ಟಿಲ್ಲರ್, ಟ್ರ್ಯಾಕ್ಟರ್ ಬಂದು ಮೈಕೆಲಸ ಇಳಿದರೂ ತಟ್ಟೆಯ ಅನ್ನ, ಮುದ್ದೆ ಇಳಿಯದಿದ್ದರೆ, ಸಕ್ಕರೆ ಟೀ, ಸಂಜೆಯ ಕುಡಿತ ಜೊತೆ ಸೇರಿದರೆ ಟ್ರೈಗ್ಲಿಸರೈಡ್ ಏರುತ್ತದೆ. ಮುದ್ದೆ ಸಣ್ಣದು ಮಾಡಿ ಬಸ್ಸಾರಿನ ಕಾಳು, ಮಸ್ಸೊಪ್ಪು ಹೆಚ್ಚಿಸಿದರೆ ಊಟವೇ ಅರ್ಧ ಔಷಧಿ. ಹೊಗೆಸೊಪ್ಪು ಬೆಳೆಯುವ ಸೀಮೆಯಲ್ಲಿ ಬೀಡಿ, ಸಿಗರೇಟಿನ ಮಾತು ಕಹಿ. ಆದರೂ ಹೊಗೆ ಎಚ್‌ಡಿಎಲ್ ತಗ್ಗಿಸಿ ರಕ್ತನಾಳ ಕೆಡಿಸುವುದು ಸುಳ್ಳಾಗದು. ಎಣ್ಣೆ ಪ್ಯಾಕೆಟ್ಟಿನ ಮೇಲಿನ 'ಕೊಲೆಸ್ಟರಾಲ್ ಇಲ್ಲ' ಎಂಬ ಬರಹಕ್ಕೂ ಮರುಳಾಗಬಾರದು. ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಅದು ಇರುವುದಿಲ್ಲವೆಂದೇ ಹೇಳಬಹುದು; ಆದರೂ ತಾಳೆ ಎಣ್ಣೆ ಹೆಚ್ಚು ತಿಂದರೆ ಎಲ್‌ಡಿಎಲ್ ಏರುತ್ತದೆ.

ಎಲ್ಲಕ್ಕಿಂತ ನೋವಿನ ಸಂಗತಿ, ಮೂರು ತಿಂಗಳು ಕೊಬ್ಬು ಇಳಿಸುವ ಸ್ಟ್ಯಾಟಿನ್ ಮಾತ್ರೆ ನುಂಗಿ, ವರದಿ ಸರಿಬಂತೆಂದು ಮಾತ್ರೆ ಬಿಡುವುದು. ವರದಿ ಸರಿಯಿರುವುದು ಆ ಮಾತ್ರೆಯಿಂದಲೇ. ಬಿಟ್ಟ ಕೆಲವೇ ವಾರಗಳಲ್ಲಿ ಅಂಕಿ ಮತ್ತೆ ಮೇಲೇರುತ್ತದೆ.

ಸರ್ಕಾರ ಮನೆಬಾಗಿಲ ತಪಾಸಣೆಗೆ, ಕಡೇಪಕ್ಷ ಶುಗರ್, ಬಿಪಿ ಇದ್ದವರಿಗಾದರೂ, ಕೊಬ್ಬಿನ (ಲಿಪಿಡ್) ಪರೀಕ್ಷೆ ಸೇರಿಸಬೇಕು. ಅಲ್ಲಿಯತನಕ ನೀವೇ ಕೇಳಿ ಮಾಡಿಸಿಕೊಳ್ಳಿ. ಮಾತ್ರೆ ಬರೆದುಕೊಟ್ಟರೆ, ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.