ಜೋಡಿ ಕಟ್ಟೋದು ಕುಸ್ತಿಗೆ ಸರಿ

1996ರ ಶಿಕಾಗೊ ಬುಲ್ಸ್‌ಗೂ 2017ರ ಗೋಲ್ಡನ್ ಸ್ಟೇಟ್ ವಾರಿಯರ್ಸ್‌ಗೂ ಏಳು ಪಂದ್ಯಗಳ ಸರಣಿ ಇಟ್ಟರೆ ಯಾರು ಗೆಲ್ತಾರೆ? ಎಂದೂ ನಡೆಯದ ಈ ಸರಣಿಯನ್ನ ನಾನು ಎಷ್ಟು ಸಲ ಆಡಿಸಿದ್ದೀನೋ ಲೆಕ್ಕ ಇಟ್ಟಿಲ್ಲ. ಆಫೀಸಿನ ಕ್ಯಾಂಟೀನಲ್ಲಿ, ರಾತ್ರಿ ಕ್ಯಾಬಿನಲ್ಲಿ, ಒಂದು ಸಲ ಗೆಳೆಯನ ಮದುವೆಯಲ್ಲಿ ಎರಡನೇ ಪಂಕ್ತಿಗೆ ಕಾಯ್ತಾ ನಿಂತಾಗಲೂ. ಒಂದು ತಂಡ ಲೀಗ್‌ನಲ್ಲಿ 72 ಗೆದ್ದು 10 ಸೋತದ್ದು, ಪ್ಲೇಆಫ್‌ನಲ್ಲಿ 15 ಗೆದ್ದು 3 ಸೋತದ್ದು. ಇನ್ನೊಂದು ಲೀಗ್‌ನಲ್ಲಿ 67 ಗೆದ್ದು 15 ಸೋತು, ಪ್ಲೇಆಫ್‌ನಲ್ಲಿ 16 ಗೆದ್ದು ಒಂದೇ ಒಂದು ಸೋತದ್ದು. ಇಷ್ಟು ಸಾಕು, ಎರಡು ಗಂಟೆ ಕಳೆಯೋಕೆ.

ವಾದ ಮಾತ್ರ ಯಾವಾಗಲೂ ಒಂದೇ ದಾರಿ ಹಿಡಿಯುತ್ತೆ. ಯಾರೋ ಒಬ್ಬ ಟಿಶ್ಯೂ ಪೇಪರ್ ಎಳೆದುಕೊಂಡು ಎರಡು ಸಾಲು ಬರೀತಾನೆ. ಈ ಕಡೆ ಹಾರ್ಪರ್, ಜೋರ್ಡನ್, ಪಿಪ್ಪನ್, ರಾಡ್‌ಮನ್, ಲಾಂಗ್ಲಿ. ಆ ಕಡೆ ಕರ್ರಿ, ಥಾಂಪ್ಸನ್, ಡ್ಯುರಾಂಟ್, ಗ್ರೀನ್, ಪಚುಲಿಯಾ. ನಡುವೆ ಐದು ಗೆರೆ. "ಜೋರ್ಡನ್‌ನ ಯಾರು ಕಾಯ್ತಾರೆ ಗುರೂ?" ಅನ್ನೋ ಪ್ರಶ್ನೆಗೆ "ಡ್ಯುರಾಂಟ್‌ನ ಯಾರು ಕಾಯ್ತಾರೆ ಹೇಳು ಮೊದ್ಲು" ಅನ್ನೋ ಉತ್ತರ. ಒಂದೊಂದು ಗೆರೆಗೂ ಒಂದೊಂದು ಟಿಕ್. ಮೂರು ಟಿಕ್ ಬಿದ್ದ ತಂಡ ಚಾಂಪಿಯನ್.

ನಮ್ಮಲ್ಲಿ ನಾಡಕುಸ್ತಿಗೆ ಮುಂಚೆ ಇದನ್ನೇ ಮಾಡ್ತಾರೆ, ಜೋಡಿ ಕಟ್ಟೋದು ಅಂತಾರೆ. ಇವನ ವಯಸ್ಸು, ತೂಕ, ಹಿಂದೆ ಗೆದ್ದದ್ದು ಎಲ್ಲ ನೋಡಿ ಅವನಿಗೆ ಇವನು ಅಂತ ನಿಲ್ಲಿಸ್ತಾರೆ. ಅಖಾಡಕ್ಕೆ ಇಳಿದ ಮೇಲೆ ಅವರಿಬ್ಬರೇ. ಮೂರನೆಯವನು ಬಂದು ನಡುವೆ ನಿಲ್ಲೋ ಹಾಗಿಲ್ಲ, ಅರ್ಧದಲ್ಲಿ ಜೋಡಿ ಬದಲಾಯಿಸೋ ಹಾಗಿಲ್ಲ. ಹಾಗಾಗಿ ಕುಸ್ತಿಗೆ ಜೋಡಿ ಕಟ್ಟೋದರಲ್ಲಿ ಅರ್ಥವಿದೆ. ಬಾಸ್ಕೆಟ್‌ಬಾಲ್‌ನಲ್ಲಿ ಮೂರನೆಯವನು ನಡುವೆ ಬಂದು ನಿಲ್ಲೋದೇ ಆಟ. ಟಿಶ್ಯೂ ಪೇಪರಿನ ವಾದದ ಮೇಲೆ ನನ್ನ ತಕರಾರು ಇರೋದು ಇಲ್ಲೇ. ನಾವು ಕುಸ್ತಿಯ ಪಟ್ಟಿ ಹಿಡಿದುಕೊಂಡು ಬೇರೆ ಯಾವುದೋ ಆಟವನ್ನ ಅಳೀತಾ ಇದ್ದೀವಿ. ಲೆಕ್ಕ ತಪ್ಪೋದು ಹಾಗಿರಲಿ, ಯಾರನ್ನ ಹೊಗಳಬೇಕು, ಯಾರ ಮೇಲೆ ತಪ್ಪು ಹೊರಿಸಬೇಕು ಅನ್ನೋದನ್ನೂ ಈ ಪಟ್ಟಿ ಕೆಡಿಸುತ್ತೆ.

ಕೆಡಿಸಿದ್ದನ್ನ ನಾನೇ ಮಾಡಿದ್ದೀನಿ. 2016ರ ಫೈನಲ್ಸ್, ಏಳನೇ ಪಂದ್ಯ. ನಮಗೆ ಸೋಮವಾರ ಬೆಳಗಿನ ಜಾವ ಐದೂವರೆಗೆ ಶುರು. ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್ ಮತ್ತು ವಾರಿಯರ್ಸ್ 89-89ರಲ್ಲಿ ನಿಂತುಬಿಟ್ಟಿವೆ, ಮೂರೂವರೆ ನಿಮಿಷಕ್ಕೂ ಹೆಚ್ಚು ಹೊತ್ತು ಯಾರೂ ಒಂದು ಅಂಕ ಗಳಿಸಿಲ್ಲ. ಉಳಿದಿರೋದು ಒಂದು ನಿಮಿಷ ಚಿಲ್ಲರೆ. ಚೆಂಡು ಕೈರಿ ಅರ್ವಿಂಗ್ ಕೈಲಿ. ಅವನನ್ನ ಕಾಯ್ತಿದ್ದವನು ಕ್ಲೇ ಥಾಂಪ್ಸನ್. ಸ್ಟೀಫನ್ ಕರ್ರಿಯ ಪಾಲಿಗೆ ಇದ್ದವನು ಜೆ.ಆರ್. ಸ್ಮಿತ್. ಪೇಪರಿನ ಮೇಲೆ ವಾರಿಯರ್ಸ್‌ಗೆ ಸರಿಯಾದ ಜೋಡಿಯೇ. ಆಗ ಸ್ಮಿತ್ ಬಂದು ಥಾಂಪ್ಸನ್‌ಗೆ ಅಡ್ಡ ನಿಂತ. ಇದಕ್ಕೆ ಸ್ಕ್ರೀನ್ ಅಂತಾರೆ. ಅಡ್ಡ ನಿಂತವನ ಕಾವಲುಗಾರ ಮತ್ತು ಚೆಂಡು ಇರೋನ ಕಾವಲುಗಾರ ತಮ್ಮ ಆಳುಗಳನ್ನ ಅದಲುಬದಲು ಮಾಡಿಕೊಂಡರೆ ಅದು ಸ್ವಿಚ್. ಅಷ್ಟೇ, ಈಗ ಅರ್ವಿಂಗ್ ಎದುರು ಕರ್ರಿ. ಇನ್ನು 53 ಸೆಕೆಂಡ್ ಇರುವಾಗ ಅರ್ವಿಂಗ್ ಅವನ ತಲೆ ಮೇಲಿಂದ ಮೂರು ಅಂಕ ಹಾಕಿದ.

ಅವತ್ತು ಆಫೀಸಿಗೆ ಹೋಗಿ ನಾನು ಹೇಳಿದ ಮೊದಲ ಮಾತು: "ಕರ್ರಿಗೆ ಕಾಯೋಕೆ ಬರಲ್ಲ." ಬಹಳ ದಿನ ಅದನ್ನೇ ಹೇಳ್ತಾ ಇದ್ದೆ. ಆಮೇಲೆ ಆ ಒಂದು ನಿಮಿಷವನ್ನ ಮತ್ತೆ ಮತ್ತೆ ನೋಡಿದಾಗ ಗೊತ್ತಾಯಿತು, ಆ ಜೋಡಿಯನ್ನ ಕಟ್ಟಿದ್ದು ವಾರಿಯರ್ಸ್ ಅಲ್ಲ, ಕ್ಲೀವ್‌ಲ್ಯಾಂಡ್. ಯಾರು ಯಾರನ್ನ ಕಾಯಬೇಕು ಅಂತ ಕಾಯುವ ತಂಡ ಅಂದುಕೊಳ್ಳಬಹುದು, ಕೊನೆಗೆ ತೀರ್ಮಾನ ಮಾಡೋದು ಬಹಳ ಸಲ ಚೆಂಡು ಇರೋ ತಂಡ.

ಅದರ ಮುಂದಿನ ಆಟ ಇನ್ನೂ ಚೆನ್ನಾಗಿದೆ. ವಾರಿಯರ್ಸ್ ಅದೇ ಔಷಧಿ ತಿರುಗಿಸಿ ಕೊಟ್ಟರು. ಸ್ಕ್ರೀನ್ ಬಂತು, ಸ್ವಿಚ್ ಆಯಿತು, ಕರ್ರಿ ಎದುರು ನಿಂತದ್ದು ಕೆವಿನ್ ಲವ್. ಎತ್ತರದ, ಭಾರದ ಆಳು, ಹೊರಗಡೆ ಚುರುಕಾಗಿ ಓಡುವವರನ್ನ ಕಾಯೋಕೆ ಆಗಲ್ಲ ಅಂತಲೇ ಹೆಸರು. ಆ ಸರಣಿಯಲ್ಲಿ ತಲೆಗೆ ಪೆಟ್ಟಾಗಿ ಮೂರನೇ ಪಂದ್ಯ ತಪ್ಪಿಸಿಕೊಂಡಿದ್ದ, ನಾಲ್ಕನೆಯದರಲ್ಲಿ ಬೆಂಚಿನಿಂದ ಬಂದಿದ್ದ. ಆ ಋತುವಿನಲ್ಲಿ 402 ಮೂರಂಕಿ ಶಾಟ್ ಹಾಕಿದ್ದ ಕರ್ರಿ ಎದುರು ಕೆವಿನ್ ಲವ್! ನಮ್ಮ ಟಿಶ್ಯೂ ಪೇಪರಿನಲ್ಲಿ ಇದಕ್ಕೆ ಗೆರೆ ಎಳೆಯೋ ಮೊದಲೇ ನಕ್ಕುಬಿಡ್ತಿದ್ವಿ. ಕರ್ರಿ ಎಡಕ್ಕೆ ಹೋದ, ಬಲಕ್ಕೆ ಹೋದ, ಚೆಂಡು ಕೊಟ್ಟು ವಾಪಸ್ ತಗೊಂಡ. ಲವ್ ಬಿಡಲಿಲ್ಲ. ಶಾಟ್ ತಪ್ಪಿತು. 93-89, ಕ್ಲೀವ್‌ಲ್ಯಾಂಡ್ ಚಾಂಪಿಯನ್. ಸರಣಿಯ ಕೊನೆಯ ಎರಡು ದೊಡ್ಡ ಗಳಿಗೆಗಳಲ್ಲಿ ಎದುರುಬದುರಾದ ಎರಡೂ ಜೋಡಿ ಯಾರ ಪೇಪರಿನಲ್ಲೂ ಇರಲಿಲ್ಲ.

"ಅದು ಹೊಸ ಕಾಲದ ಆಟ, ಆಗ ಹಾಗಿರಲಿಲ್ಲ" ಅಂತ ಬುಲ್ಸ್ ಪಕ್ಷದವರು ಹೇಳ್ತಾರೆ. ಸರಿ, ಹಳೇದನ್ನೇ ನೋಡೋಣ. 1996ರ ಫೈನಲ್ಸ್, ಬುಲ್ಸ್ ಎದುರು ಸಿಯಾಟಲ್ ಸೂಪರ್‌ಸಾನಿಕ್ಸ್. ಸಿಯಾಟಲ್‌ನ ಗ್ಯಾರಿ ಪೇಟನ್ ಆ ವರ್ಷ ಲೀಗಿನ ಶ್ರೇಷ್ಠ ರಕ್ಷಣಾ ಆಟಗಾರ ಪ್ರಶಸ್ತಿ ಗೆದ್ದವನು. ಮೊದಲ ಮೂರು ಪಂದ್ಯ ಸೋತ ಸಿಯಾಟಲ್, ಪೇಟನ್‌ನ ಜೋರ್ಡನ್ ಮೇಲೆ ಹೆಚ್ಚು ಬಿಟ್ಟ ಮೇಲೆ ಎರಡು ಪಂದ್ಯ ಗೆದ್ದಿತು. "ಮೊದಲಿಂದಲೇ ಪೇಟನ್‌ನ ಬಿಟ್ಟಿದ್ರೆ?" ಅನ್ನೋದು ಇವತ್ತಿಗೂ ಮುಗಿಯದ ವಾದ.

ಆದರೆ ಆ ಎರಡು ಪಂದ್ಯಗಳಲ್ಲಿ ಇನ್ನೊಂದು ಸಂಗತಿಯೂ ಇತ್ತು. ಬುಲ್ಸ್‌ನ ರಾನ್ ಹಾರ್ಪರ್ ಮಂಡಿನೋವಿನಿಂದ ಸರಿಯಾಗಿ ಆಡಿರಲಿಲ್ಲ. ಆರನೇ ಪಂದ್ಯಕ್ಕೆ ಅವನು ವಾಪಸ್ ಬಂದ. ಆ ಪಂದ್ಯದಲ್ಲಿ ಜೋರ್ಡನ್ 19 ಶಾಟ್‌ನಲ್ಲಿ ಹಾಕಿದ್ದು ಬರೀ 5. ಜೋಡಿ ಲೆಕ್ಕದಲ್ಲಿ ಟಿಕ್ ಪೇಟನ್‌ಗೇ ಬೀಳಬೇಕು. ಪಂದ್ಯ ಮಾತ್ರ 87-75, ಬುಲ್ಸ್ ಚಾಂಪಿಯನ್. ಅವತ್ತು ಡೆನಿಸ್ ರಾಡ್‌ಮನ್ 19 ರೀಬೌಂಡ್ ಹಿಡಿದ, ಅದರಲ್ಲಿ 11 ತನ್ನದೇ ತಂಡ ತಪ್ಪಿಸಿದ ಶಾಟ್‌ಗಳವು. ಜೋರ್ಡನ್ ತಪ್ಪಿಸಿದ್ದನ್ನ ಪೇಟನ್‌ನ ಗೆಲುವು ಅಂತ ಬರೆಯೋ ಹೊತ್ತಿಗೆ ರಾಡ್‌ಮನ್ ಚೆಂಡು ವಾಪಸ್ ತಂದು ಕೊಟ್ಟಿರ್ತಿದ್ದ. ಕಬಡ್ಡಿ ನೋಡಿದವರಿಗೆ ಇದನ್ನ ವಿವರಿಸಬೇಕಾಗಿಲ್ಲ. ರೈಡರ್‌ನ ಕಾಲು ಹಿಡಿದವನು ಒಬ್ಬ, ಮೇಲೆ ಬಿದ್ದು ಕೆಡವಿದವರು ನಾಲ್ಕು ಜನ. ಅಲ್ಲಿ "ರೈಡರ್‌ಗೆ ಜೋಡಿ ಯಾರು" ಅಂತ ಯಾರೂ ಕೇಳಲ್ಲ.

ಇನ್ನು ನಿಯಮದ ಪ್ರಶ್ನೆ. ನಡೆಯದ ಸರಣಿಗೆ ಯಾವ ವರ್ಷದ ನಿಯಮ? ಇದನ್ನ ಇತ್ಯರ್ಥ ಮಾಡದೆ ಜೋಡಿ ಕಟ್ಟೋದು ಮಣ್ಣಿನ ಅಖಾಡವೋ ಮ್ಯಾಟೋ ಗೊತ್ತಿಲ್ಲದೆ ಪೈಲ್ವಾನರನ್ನ ಇಳಿಸಿದ ಹಾಗೆ. 1996ರಲ್ಲಿ ಇಲ್ಲೀಗಲ್ ಡಿಫೆನ್ಸ್ ಅನ್ನೋ ನಿಯಮ ಇತ್ತು. ತನ್ನ ಆಳನ್ನ ಬಿಟ್ಟು ಖಾಲಿ ಜಾಗ ಕಾಯ್ತಾ ನಿಲ್ಲೋ ಹಾಗಿರಲಿಲ್ಲ. ಚೆಂಡು ಇರೋನ ಮೇಲೆ ಇಬ್ಬರಾಗಿ ಬೀಳಬಹುದಿತ್ತು, ಇಲ್ಲ ತನ್ನವನ ಹತ್ತಿರ ಇರಬೇಕಿತ್ತು. ಅದು ಹೋದದ್ದು 2001ರಲ್ಲಿ. ವಾರಿಯರ್ಸ್‌ನ ಡ್ರೇಮಂಡ್ ಗ್ರೀನ್ ದೊಡ್ಡವನಾದದ್ದೇ ತನ್ನ ಆಳನ್ನ ಅರ್ಧ ಬಿಟ್ಟು ಮಿಕ್ಕ ನಾಲ್ವರ ತಪ್ಪನ್ನ ಮುಚ್ಚೋದರಿಂದ. 1996ರ ನಿಯಮದಲ್ಲಿ ಅವನ ಅರ್ಧ ಕೆಲಸಕ್ಕೆ ಸೀಟಿ ಬೀಳುತ್ತೆ. ಜೋರ್ಡನ್ ಬುಟ್ಟಿಗೆ ಬೆನ್ನು ಕೊಟ್ಟು ಥಾಂಪ್ಸನ್ ಮೇಲೆ ಒರಗಿದರೆ ಸಹಾಯಕ್ಕೆ ಬರೋನು ದೂರದಿಂದ ಓಡಿಬರಬೇಕು.

"ನೋಡಿದ್ರಾ, ಹಳೇ ನಿಯಮದಲ್ಲಿ ಬುಲ್ಸೇ" ಅಂತ ಎದ್ದು ನಿಲ್ಲಬೇಡಿ. 1994ರಿಂದ 1997ರವರೆಗಿನ ಮೂರು ಋತುಗಳಲ್ಲಿ ಮೂರಂಕಿ ಗೆರೆ ಎಲ್ಲ ಕಡೆ 22 ಅಡಿಗೆ ಹತ್ತಿರ ಬಂದಿತ್ತು. ಈಗ ಅದು ಮೂಲೆಗಳನ್ನ ಬಿಟ್ಟರೆ 23 ಅಡಿ 9 ಇಂಚು. ಹಳೇ ಕಾಲದ ಗಟ್ಟಿ ಆಟ ಕರ್ರಿಯನ್ನ ಮುರಿಯುತ್ತೆ ಅನ್ನೋರು ಅವನಿಗೆ ಅದೇ ಕಾಲ ಗೆರೆಯನ್ನ ಒಂದೂಮುಕ್ಕಾಲು ಅಡಿ ಹತ್ತಿರ ತಂದು ಕೊಡುತ್ತೆ ಅನ್ನೋದನ್ನ ಮರೀತಾರೆ.

ಹಾಗಾದರೆ ವಾದವನ್ನೇ ಬಿಟ್ಟುಬಿಡೋದಾ? ಖಂಡಿತ ಬೇಡ. ಪ್ರಶ್ನೆ ಬದಲಾಯಿಸಿದರೆ ಸಾಕು. "ಯಾರನ್ನ ಯಾರು ಕಾಯ್ತಾರೆ" ಬದಲು "ಯಾರ ತಂಡ ಯಾರನ್ನ ಹುಡುಕಿಕೊಂಡು ಹೋಗುತ್ತೆ" ಅಂತ ಕೇಳಿ. ತಕ್ಷಣ ವಾದಕ್ಕೆ ಜೀವ ಬರುತ್ತೆ. ವಾರಿಯರ್ಸ್ ಮೊದಲು ಹುಡುಕೋದು 7 ಅಡಿ 2 ಇಂಚಿನ ಲೂಕ್ ಲಾಂಗ್ಲಿಯನ್ನ. ಅವನ ಆಳಿಂದ ಸ್ಕ್ರೀನ್ ಹಾಕಿಸಿ, ಬುಟ್ಟಿಯಿಂದ 25 ಅಡಿ ದೂರಕ್ಕೆ ಎಳೆದು ಕರ್ರಿ ಎದುರು ನಿಲ್ಲಿಸ್ತಾರೆ. ಆಗ ಬುಲ್ಸ್ ಅವನನ್ನ ಕೂರಿಸಿ ಟೋನಿ ಕುಕೋಚ್‌ನ ಇಳಿಸಬೇಕು. ಹಾರ್ಪರ್, ಜೋರ್ಡನ್, ಪಿಪ್ಪನ್, ಕುಕೋಚ್, ರಾಡ್‌ಮನ್: ಐವರೂ 6 ಅಡಿ 6 ಇಂಚಿಗೆ ಕಡಿಮೆ ಇಲ್ಲದವರು, ಹೆಚ್ಚುಕಡಿಮೆ ಎಲ್ಲರೂ ಸ್ವಿಚ್ ಮಾಡಬಲ್ಲವರು. ಈ ಸರಣಿಯ ನಿಜವಾದ ಪ್ರಶ್ನೆ ನನ್ನ ಪ್ರಕಾರ ಜೋರ್ಡನ್ ಅಲ್ಲವೇ ಅಲ್ಲ, ಈ ಐವರು ಒಟ್ಟಿಗೆ ಎಷ್ಟು ನಿಮಿಷ ಆಡಬಲ್ಲರು ಅನ್ನೋದು.

ಬುಲ್ಸ್ ಹುಡುಕೋದು ಕರ್ರಿಯನ್ನ. ಅವನು 6 ಅಡಿ 3 ಇಂಚು, ಹಾರ್ಪರ್ ಅವನನ್ನ ಬುಟ್ಟಿ ಹತ್ತಿರ ಒತ್ತಿಕೊಂಡು ಹೋಗಬಹುದು. ಬುಲ್ಸ್ ಬೆಂಚಿನಲ್ಲಿ ಇನ್ನೊಬ್ಬ 6 ಅಡಿ 3 ಇಂಚಿನವನು ಇದ್ದಾನೆ, ಸ್ಟೀವ್ ಕರ್. ಅದ್ಭುತ ಶೂಟರ್, ಕಾಯೋದರಲ್ಲಿ ನಿಧಾನ. ಅವನು ಅಂಗಳಕ್ಕೆ ಕಾಲಿಟ್ಟ ಮರುಗಳಿಗೆ ವಾರಿಯರ್ಸ್ ಕೋಚ್ ಕೂಗಿ ಹೇಳೋದು ಒಂದೇ, ಅವನ ಮೇಲೆ ಹೋಗಿ. ಆ ಕೋಚ್ ಹೆಸರೂ ಸ್ಟೀವ್ ಕರ್. ಅವನೇ ಇವನು. ಯಾರ ಪೇಪರಿನಲ್ಲೂ ನಾನು ಕಾಣದ ಜೋಡಿ ಇದು.

ನನ್ನ ತೀರ್ಪು ಕೇಳಿದರೆ, 2017ರ ನಿಯಮಕ್ಕೆ ವಾರಿಯರ್ಸ್ ಆರು ಪಂದ್ಯದಲ್ಲಿ, 1996ರ ನಿಯಮಕ್ಕೆ ಬುಲ್ಸ್ ಏಳರಲ್ಲಿ. ತಪ್ಪಿರಬಹುದು, ಜಗಳಕ್ಕೆ ಸಿದ್ಧ. ಒಂದೇ ಷರತ್ತು. ಕೊನೆಯ ನಿಮಿಷದಲ್ಲಿ ಸ್ವಿಚ್ ಆಗಿ ಸಿಕ್ಕಿಹಾಕಿಕೊಳ್ಳೋ ಆಳಿಗೂ ನಿಮ್ಮ ಟಿಶ್ಯೂ ಪೇಪರಿನಲ್ಲಿ ಒಂದು ಗೆರೆ ಜಾಗ ಬಿಟ್ಟಿರಿ. ಅವನು ಸೋತರೆ "ಕಾಯೋಕೆ ಬರಲ್ಲ" ಅಂತ ಬರೆಯೋ ಮೊದಲು ಅವನನ್ನ ಅಲ್ಲಿ ತಂದು ನಿಲ್ಲಿಸಿದವರು ಯಾರು ಅಂತ ನೋಡಿ. ಗೆದ್ದರೆ ಹೆಸರು ಬರೆಯಿರಿ. ಕೆವಿನ್ ಲವ್ ಹೆಸರನ್ನ ನಾನು ಬರೆದದ್ದು ಬಹಳ ತಡವಾಗಿ.